ಅಕ್ಕ ಹೀಗಂದಳು

ನನಗೆ ಸವತಿಯರಿದ್ದರು. ಒಬ್ಬಳಲ್ಲ, ಒಂದು ಹಿಂಡು. ಎಲ್ಲರೂ ಸ್ಕಾಟ್ಲೆಂಡಿನವರು, ಎಲ್ಲರೂ ಸತ್ತು ಐನೂರು ವರ್ಷ ದಾಟಿತ್ತು. ನಗಬೇಡಿ. ಬದುಕಿರುವ ಸವತಿಯಾದರೆ ಬೀದಿಗೆ ಎಳೆದು ಜಗಳವಾಡಬಹುದು, ಜಡೆ ಹಿಡಿಯಬಹುದು. ಇವರನ್ನು ನಾನು ಎಲ್ಲಿ ಹೋಗಿ ಹಿಡಿಯಲಿ?

ನನ್ನ ಗಂಡ ಚಿಂತಾಮಣಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಮನೆ ಇದ್ದದ್ದು ಶಿಡ್ಲಘಟ್ಟ ತಾಲ್ಲೂಕಿನಲ್ಲಿ, ಜಂಗಮಕೋಟೆ ಹತ್ತಿರದ ಊರು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುವುದು. ಮದುವೆಯಾಗಿ ವರ್ಷ ತುಂಬುವ ಹೊತ್ತಿಗೆ ಅವರಿಗೆ ಎಂ.ಫಿಲ್. ಮಾಡುವ ಹುಚ್ಚು ಹಿಡಿಯಿತು. ಬೆಂಗಳೂರಿನ ಗೈಡು ಕೊಟ್ಟ ವಿಷಯವೇನೆಂದರೆ, ಮಧ್ಯಯುಗದ ಸ್ಕಾಟ್ಲೆಂಡಿನ ಪದ್ಯಗಳಲ್ಲಿ ಹೆಂಗಸರು ಮದುವೆಯ ಬಗ್ಗೆ, ಆಸೆಯ ಬಗ್ಗೆ ಏನು ಹೇಳುತ್ತಾರೆ ಅನ್ನುವುದು. ಆಸೆ ಅಂದರೆ ಒಡವೆ, ಸೀರೆಯ ಆಸೆಯಲ್ಲ. ಅದೇ, ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಆಸೆ.

ಅವತ್ತಿನಿಂದ ನಮ್ಮ ಕೋಣೆಗೆ ಜೆರಾಕ್ಸ್ ಕಾಗದದ ಕಟ್ಟುಗಳು ಬಂದು ಬಿದ್ದವು. ಅದೂ ಇಂಗ್ಲಿಷೇ ಅಂತೆ. ನಾನು ಗೌರಿಬಿದನೂರಿನಲ್ಲಿ ಬಿ.ಎ. ಮಾಡಿದವಳು, ನನಗೆ ಒಂದು ಸಾಲೂ ತಿಳಿಯಲಿಲ್ಲ. ಅವರಿಗೂ ಸಲೀಸಾಗಿ ತಿಳಿಯುತ್ತಿರಲಿಲ್ಲ ಅನ್ನಿ. ಸಂಜೆ ಕಾಫಿ ಕುಡಿದು, ದಪ್ಪ ನಿಘಂಟು ತೊಡೆಯ ಮೇಲಿಟ್ಟುಕೊಂಡು ಕೂತರೆಂದರೆ ಮುಗಿಯಿತು. ಯಾವಳೋ ಒಬ್ಬಳು ಯಾವುದೋ ಸಾಲಿನಲ್ಲಿ ಆಡಿದ ಒಂದು ಪದಕ್ಕೆ ಒಂದು ಸಂಜೆ. ಅವಳು ಅಲ್ಲಿ ನಿಟ್ಟುಸಿರು ಬಿಟ್ಟಳೋ, ಗಂಡನನ್ನು ಬೈದಳೋ ಎಂದು ತೀರ್ಮಾನವಾಗುವುದಕ್ಕೆ ಇನ್ನೊಂದು ಸಂಜೆ. ನಾನು ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಾ, ಬೇಕೆಂದೇ ಜೋರಾಗಿ ನಿಟ್ಟುಸಿರು ಬಿಡುತ್ತಿದ್ದೆ.

"ಏನು, ನೆಗಡಿನಾ?" ಅನ್ನುತ್ತಿದ್ದರು, ತಲೆ ಎತ್ತದೆ.

ಕೆಟ್ಟವರಲ್ಲ ನನ್ನ ಗಂಡ. ಬೈದವರಲ್ಲ, ಹೊಡೆದವರಲ್ಲ, ಕುಡಿದವರಲ್ಲ. ಮಾತಾಡಿಸಿದರೆ ಮಾತಾಡುತ್ತಿದ್ದರು. ನಾನು ಕೇಳಿದಾಗ ಆ ಪದ್ಯಗಳ ಕತೆಯನ್ನೂ ಹೇಳುತ್ತಿದ್ದರು. ಅಲ್ಲೊಬ್ಬಳು ಮದುವೆಯನ್ನೇ ಶಪಿಸುತ್ತಾಳೆ, ಇನ್ನೊಬ್ಬಳು ಗಂಡನ ಗಡ್ಡವನ್ನು ಆಡಿಕೊಳ್ಳುತ್ತಾಳೆ, ಮತ್ತೊಬ್ಬಳು ನಾಚಿಕೆಯಿಲ್ಲದೆ ನನಗೆ ಇಂಥದ್ದು ಬೇಕು ಅನ್ನುತ್ತಾಳೆ. ಹೇಳುವಾಗ ಅವರ ಕಣ್ಣು ಹೊಳೆಯುತ್ತಿತ್ತು. ಆ ಹೊಳಪನ್ನು ನೋಡಿದಾಗ ನನ್ನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು.

"ಇದನ್ನೆಲ್ಲಾ ಆ ಹೆಂಗಸ್ರೇ ಬರೆದ್ರಾ?" ಅಂತ ಒಂದು ದಿನ ಕೇಳಿದೆ.

"ಎಲ್ಲಿ? ಹೆಚ್ಚುಕಡಿಮೆ ಎಲ್ಲಾ ಗಂಡಸ್ರು ಬರೆದಿದ್ದು."

"ಮತ್ತೆ ಹೆಂಗಸರ ಮನಸ್ಸಿನಲ್ಲಿರೋದು ಅವರಿಗೆ ಹೆಂಗೆ ಗೊತ್ತಾಯ್ತು?"

"ಅದೇ ಕಣೇ ನನ್ನ ಥೀಸಿಸ್ಸು!" ಎಂದು ತೊಡೆ ತಟ್ಟಿಕೊಂಡು ನಕ್ಕರು. ಶಹಬ್ಬಾಸ್ ಹೇಳುವ ಹಾಗೆ ನನ್ನ ಬೆನ್ನು ತಟ್ಟಿ ಮತ್ತೆ ನಿಘಂಟಿಗೆ ಇಳಿದರು. ಬೆನ್ನು ತಟ್ಟಿದ್ದೇ ಆ ತಿಂಗಳ ಲಾಭ.

ಈಗ ನಮ್ಮ ಹುಳದ ಮನೆಯ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಭಾವ, ಅಂದರೆ ನನ್ನ ಗಂಡನ ಅಣ್ಣ, ಹೊಲ ನೋಡಿಕೊಳ್ಳುತ್ತಿದ್ದರು. ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕುವುದು, ಕಸ ತೆಗೆಯುವುದು ಹೆಂಗಸರ ಪಾಲು. ಹುಳದ ಮನೆ ಅಂದರೆ ನಮ್ಮತ್ತೆಗೆ ದೇವರ ಮನೆಗಿಂತ ಒಂದು ಕೈ ಹೆಚ್ಚು. ಚಪ್ಪಲಿ ಆಚೆಗೆ. ಮುಟ್ಟಾದವರು ಆ ಕಡೆ ಸುಳಿಯುವ ಹಾಗಿಲ್ಲ. ಇನ್ನೊಂದು ಕಟ್ಟಳೆ ಇತ್ತು, ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ನನ್ನನ್ನು ಹಿತ್ತಲಿಗೆ ಕರೆದು ಕಿವಿಯಲ್ಲಿ ಹೇಳಿದ್ದರು: ಗಂಡನ ಜೊತೆ ಮಲಗಿದ ಮಾರನೇ ಬೆಳಿಗ್ಗೆ ತಲೆಗೆ ನೀರು ಹಾಕಿಕೊಳ್ಳದೆ ಹುಳ ಮುಟ್ಟಬಾರದು. ಮುಟ್ಟಿದರೆ ಹುಳಕ್ಕೆ ರೋಗ ತಗಲುತ್ತದೆ.

ಕಿವಿಯಲ್ಲಿ ಹೇಳಿದ್ದೇನೋ ಸರಿ. ಆದರೆ ನೆನೆದ ತಲೆಯನ್ನು ಎಲ್ಲಿ ಬಚ್ಚಿಡುವುದು? ಯಾವ ಮಗ್ಗುಲಿನಲ್ಲಿ ಏನು ನಡೆಯಿತು ಎಂದು ಬೆಳಗಾಗುವ ಹೊತ್ತಿಗೆ ಮನೆಗೆಲ್ಲಾ ಡಂಗುರ. ಸೊಪ್ಪು ಕುಯ್ಯಲು ಬರುವ ಆಳುಗಳಿಗೂ ಗೊತ್ತು, ಹಾಲಿನ ಡೈರಿಗೆ ಹೋಗುವ ಪಕ್ಕದ ಮನೆಯವಳಿಗೂ ಗೊತ್ತು.

ನನ್ನ ವಾರಗಿತ್ತಿ, ಭಾವನ ಹೆಂಡತಿ, ಬಚ್ಚಲಿನಿಂದ ಬರುವ ಸಂಭ್ರಮ ನೋಡಬೇಕಿತ್ತು. ಎರಡು ಮಕ್ಕಳ ತಾಯಿ. ಟವೆಲನ್ನು ತುರುಬಿನ ಹಾಗೆ ಎತ್ತಿ ಕಟ್ಟಿ, ಕತ್ತಿನ ಹಿಂದೆ ನೀರು ತೊಟ್ಟಿಕ್ಕಿಸಿಕೊಂಡು, ಏನೋ ಗುನುಗುತ್ತಾ ಅಂಗಳ ದಾಟುವಳು. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ. ಆಂಧ್ರದ ಗಡಿ ಕಡೆಯ ಹೆಣ್ಣು, ಕನ್ನಡ ಆಡಿದರೂ ರಾಗ ತೆಲುಗಿನದು. ವಾರದಲ್ಲಿ ಯಾವ ದಿನ ಬೇಕಾದರೂ ಅವಳ ತಲೆ ನೆನೆಯಬಹುದಿತ್ತು. ನನ್ನ ತಲೆ ನೆನೆಯುತ್ತಿದ್ದದ್ದು ಶುಕ್ರವಾರ, ಅದೂ ಲಕ್ಷ್ಮೀಪೂಜೆಗೆ.

ಅತ್ತೆ ಅಕ್ಕನ ಒದ್ದೆ ತಲೆ ನೋಡುವರು, ನನ್ನ ಒಣ ಜಡೆ ನೋಡುವರು, ಸೊಪ್ಪಿನ ಬುಟ್ಟಿ ತಂದು ನನ್ನ ಕೈಗೆ ಕೊಡುವರು. "ಅವಳ ತಲೆ ಒಣಗೋತನಕ ನೀನು ಹೋಗಿ ಹಾಕ್ತಿರಮ್ಮ. ನಿಂದೇನೂ ತೊಂದ್ರೆ ಇಲ್ಲ."

ನಿಂದೇನೂ ತೊಂದರೆ ಇಲ್ಲ! ಆ ಮಾತನ್ನು ಕೇಳಿಕೊಂಡು ಹುಳದ ಮನೆಗೆ ಹೋಗುತ್ತಿದ್ದೆನಲ್ಲ, ನನಗೆ ಅಕ್ಕನ ಮೇಲೆ ಎಷ್ಟು ಉರಿ ಬರುತ್ತಿತ್ತೆಂದರೆ, ಸೊಪ್ಪನ್ನು ಹುಳದ ತಟ್ಟೆಗೆ ಹಾಕುತ್ತಿರಲಿಲ್ಲ, ಎಸೆಯುತ್ತಿದ್ದೆ. ನನಗಿಂತ ಏಳೆಂಟು ವರ್ಷ ದೊಡ್ಡವಳು. ಓದು ಏಳನೇ ಕ್ಲಾಸಿಗೆ ನಿಂತದ್ದು. ಬಣ್ಣದಲ್ಲಿ, ಮೈಕಟ್ಟಿನಲ್ಲಿ ನಾನೇನೂ ಕಡಿಮೆಯಿರಲಿಲ್ಲ, ಇದನ್ನು ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ. ಮತ್ತೆ ಅವಳಿಗೇಕೆ, ನನಗೇಕಿಲ್ಲ?

ಹೀಗಿರುವಾಗ ಗೈಡು ಹೊಸದೊಂದು ಹೇಳಿ ಕಳಿಸಿದರಂತೆ. ಆ ಪದ್ಯಗಳ ಹೆಂಗಸರ ಜೊತೆ ನಮ್ಮ ಸೀಮೆಯ ಹೆಂಗಸರ ಮಾತನ್ನೂ ಇಟ್ಟು ನೋಡಿ, ಅಧ್ಯಾಯಕ್ಕೆ ಕಳೆ ಬರುತ್ತದೆ ಎಂದು. ನನ್ನ ಗಂಡ ಅವತ್ತು ಸಂಜೆ ನನ್ನ ಕಡೆ ಪೂರ್ತಿ ತಿರುಗಿ ಕೂತರು.

"ಏ, ಹುಳದ ಮನೇಲಿ ನೀವು ಹೆಂಗಸರೆಲ್ಲಾ ಏನು ಮಾತಾಡ್ಕೊತೀರ? ಗಂಡಂದಿರ ವಿಷಯ ಬರುತ್ತಾ?"

ನಮ್ಮ ಹುಳದ ಮನೆಯಲ್ಲಿ ಹೆಚ್ಚಿಗೆ ಬರುತ್ತಿದ್ದದ್ದು ಸೊಪ್ಪಿನ ವಿಷಯ, ಡೈರಿಯ ವಿಷಯ, ಯಾರ ಮನೆಯ ಗೂಡು ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಏನು ಬೆಲೆಗೆ ಹೋಯಿತು ಅನ್ನುವ ವಿಷಯ. ಆದರೂ ಅಕ್ಕ ಒಂದು ಸಲ ಆಡಿದ ಮಾತು ನೆನಪಿತ್ತು. ಅದನ್ನು ಅವಳ ರಾಗದಲ್ಲೇ ಹೇಳಿದೆ.

"ಅಕ್ಕ ಹೀಗಂದಳು: ಮದುವೆ ಮಾಡಿ ಕಳಿಸುವಾಗ ನಮ್ಮಮ್ಮ, ಗಂಡ ಹೇಳಿದಂಗೆ ಕೇಳ್ಕೊಂಡಿರಮ್ಮಾ ಅಂದ್ಲು. ಇಲ್ಲಿ ಬಂದು ನೋಡಿದ್ರೆ ಈ ಮನುಷ್ಯ ಬಾಯೇ ಬಿಡಲ್ಲ. ಇನ್ನೇನ್ಮಾಡೋದು, ನಾನೇ ಹೇಳ್ತೀನಿ, ಅವರು ಕೇಳ್ತಾರೆ ಅಂದಳು."

ನನ್ನ ಗಂಡ ಬಾಯಿ ಅಗಲಿಸಿ ನಕ್ಕರು. "ಅತ್ತಿಗೆನಾ? ನಮ್ಮ ಅತ್ತಿಗೆ ಹಿಂಗಂದ್ರಾ?" ಎಂದು ನನ್ನ ಮುಖವನ್ನು ನೋಡಿದರು. ನೋಡಿದರು ಅಂದರೆ ನಿಜವಾಗಿ ನೋಡಿದರು. ಕಣ್ಣು ಹೊಳೆಯುತ್ತಿತ್ತು, ಆ ಪದ್ಯದ ಹೆಂಗಸರಿಗೆ ಹೊಳೆಯುವ ಹಾಗೆ. ಆ ನೋಟ ಇನ್ನೊಂದು ಸಲ ಬೇಕು ಅನ್ನಿಸಿತು.

ಮಾರನೇ ಸಂಜೆ ಬಸ್ಸಿಳಿದು ಕೈಕಾಲು ತೊಳೆಯುವ ಮೊದಲೇ ಕೇಳಿದರು, "ಅತ್ತಿಗೆ ಇವತ್ತೇನಂದ್ರು?"

ಅಕ್ಕ ಅವತ್ತು ಹೆಸರುಬೇಳೆಗೆ ಹುಳು ಬಿದ್ದಿದೆ ಅಂದಿದ್ದಳು. ಅದನ್ನು ಹೇಳಲಾಗುತ್ತದೆಯೇ? ನಾನು ನನ್ನ ಮನಸ್ಸಿನಲ್ಲಿದ್ದದ್ದನ್ನು ಎತ್ತಿ ಅವಳ ಬಾಯಿಗಿಟ್ಟೆ.

"ಅಕ್ಕ ಹೀಗಂದಳು: ಹುಳ ಜ್ವರಕ್ಕೆ ಕೂತರೆ ಮನೆಯೆಲ್ಲಾ ಉಸಿರು ಬಿಗಿಹಿಡಿದು ಕಾಯುತ್ತೆ, ಯಾವಾಗ ಏಳುತ್ತೋ, ಯಾವಾಗ ಸೊಪ್ಪು ಕೇಳುತ್ತೋ ಅಂತ. ಹೆಂಡತಿ ಎಚ್ಚರವಾಗಿ ಮಲಗಿದ್ರೆ ಮಾತ್ರ ಯಾರಿಗೂ ಗೊತ್ತಾಗಲ್ಲ ಅಂದಳು." ಜ್ವರ ಅಂದರೆ ಕಾಯಿಲೆಯಲ್ಲ, ಹುಳ ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಆ ಮನೆಯಲ್ಲಿ ಹುಟ್ಟಿದವರಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಅವರು ನಗಲಿಲ್ಲ. ಕಾಗದ ತೆಗೆದುಕೊಂಡು ಬರೆದುಕೊಂಡರು. "ಎಂಥಾ ಮಾತು! ಎಂಥಾ ಮಾತು ಕಣೇ!" ಅಂದರು.

ಇದು ಸುಳ್ಳು ಅನ್ನುತ್ತೀರಾ? ಅನ್ನಿ. ನನಗೇನೂ ಹಾಗನ್ನಿಸಲಿಲ್ಲ. ಸ್ಕಾಟ್ಲೆಂಡಿನ ಗಂಡಸರು ಹೆಂಗಸರ ಬಾಯಿಗೆ ತಮ್ಮ ಮಾತನ್ನು ಇಟ್ಟು ಪದ್ಯ ಕಟ್ಟಬಹುದಂತೆ, ಅದನ್ನು ನನ್ನ ಗಂಡ ಬಸ್ಸಿನಲ್ಲೂ ಕೂತು ಓದಬಹುದಂತೆ. ನಾನು ಒಬ್ಬ ಹೆಂಗಸಿನ ಮಾತನ್ನು ಇನ್ನೊಬ್ಬ ಹೆಂಗಸಿನ ಬಾಯಿಗೆ ಇಟ್ಟರೆ ತಪ್ಪೇ? ನನ್ನ ಲೆಕ್ಕದಲ್ಲಿ ಅದು ಇನ್ನೂ ಹತ್ತಿರದ ದಾರಿ. ಒಂದಲ್ಲ ಒಂದು ದಿನ ಇವರಿಗೇ ಹೊಳೆಯುತ್ತದೆ, ಅರೇ, ಇದು ಇವಳದೇ ಮಾತು, ನನಗೇ ಹೇಳುತ್ತಿದ್ದಾಳೆ ಎಂದು, ಆಗ ನಿಘಂಟು ಮುಚ್ಚಿ ನನ್ನ ಕಡೆ ಕೈಚಾಚುತ್ತಾರೆ ಎಂದು ಕಾದೆ. ನನಗೆ ಬೇಕಿದ್ದದ್ದು ಅಷ್ಟೇ.

ಆದದ್ದು ಬೇರೆ. ಒಂದು ಸಂಜೆ, ನಾನು ಎಷ್ಟೋ ದಿನದಿಂದ ಒಳಗೆ ಇಟ್ಟುಕೊಂಡಿದ್ದ ಮಾತನ್ನು ಧೈರ್ಯಮಾಡಿ ಹೇಳಿದೆ.

"ಅಕ್ಕ ಹೀಗಂದಳು: ತಾಳಿ ಕಟ್ಟುವಾಗ ಕತ್ತು ಮುಟ್ಟಿದ್ರು. ಆಮೇಲೆ ಆ ಕತ್ತು ಇನ್ನೂ ಅಲ್ಲೇ ಇದೆ ಅನ್ನೋದನ್ನೇ ಮರೆತುಬಿಟ್ರು ಅಂದಳು."

ಹೇಳಿ ಮುಗಿಸುವ ಹೊತ್ತಿಗೆ ನನ್ನ ಕೈ ತಾನಾಗಿ ನನ್ನ ಕತ್ತಿನ ಮೇಲೆ ಹೋಗಿತ್ತು. ಅದಕ್ಕಿಂತ ಇನ್ನೇನು ಮಾಡಬೇಕಿತ್ತು ನಾನು? ಹಣೆಗೆ ಬೋರ್ಡು ಬರೆಸಿಕೊಳ್ಳಬೇಕಿತ್ತೇ?

ಅವರು ತೊಟ್ಟಿಯ ಕಡೆ, ಮಕ್ಕಳಿಗೆ ಅನ್ನ ಕಲಸುತ್ತಿದ್ದ ಅಕ್ಕನ ಕಡೆ ನೋಡಿದರು. "ಅಣ್ಣ ಇಂಥೋನು ಅಂತ ನನಗೆ ಗೊತ್ತೇ ಇರಲಿಲ್ಲ," ಅಂದರು. ವಾರಪೂರ್ತಿ ನೆನೆದಿರುತ್ತಿದ್ದ ಆ ತಲೆ ಇವರ ಕಣ್ಣೆದುರಿಗೇ ಓಡಾಡುತ್ತಿತ್ತು. ಮನೆಯ ಆಳುಗಳಿಗೆ ತಿಳಿದದ್ದು ಎಂ.ಎ. ಮಾಡಿದವರಿಗೆ ತಿಳಿಯಲಿಲ್ಲ.

ಅಲ್ಲಿಂದ ಅಕ್ಕನಿಗೆ ಮರ್ಯಾದೆಯೋ ಮರ್ಯಾದೆ. ಮೊದಲೆಲ್ಲ ಇವರು ಚಿಂತಾಮಣಿಯಿಂದ ಹೂವು ತಂದರೆ ಅತ್ತೆಯ ಕೈಗೆ ಕೊಡುತ್ತಿದ್ದರು, ಅತ್ತೆ ಇಬ್ಬರಿಗೂ ಹರಿದು ಕೊಡುತ್ತಿದ್ದರು. ಈಗ ಕನಕಾಂಬರದ ಪೊಟ್ಟಣ ನೇರವಾಗಿ ಅಡುಗೆಮನೆ ಬಾಗಿಲಿಗೆ ಹೋಗುತ್ತಿತ್ತು. "ಅತ್ತಿಗೆ, ನಿಮಗೆ." ಅಕ್ಕ ಒಂದು ಸಲ ನೀರು ಸೇದುತ್ತಿದ್ದರೆ ಓಡಿಹೋಗಿ ಕೊಡ ಇಸಿದುಕೊಂಡರು. ನಾನು ಬಂದ ಲಾಗಾಯ್ತು ಅದೇ ಕೊಡ ಹೊತ್ತಿದ್ದೇನೆ.

"ಏಮ್ಮಾ, ನಿನ್ನ ಗಂಡನಿಗೆ ಏನಾಗಿದೆ? ನನ್ನ ಕಂಡ್ರೆ ಸತ್ತೋರ ಮನೆಗೆ ಬಂದಂಗೆ ಮುಖ ಮಾಡ್ಕೊತಾರೆ," ಎಂದು ಅಕ್ಕ ನನ್ನನ್ನೇ ಕೇಳಿದಳು, ಕನಕಾಂಬರ ಮುಡಿದುಕೊಳ್ಳುತ್ತಾ.

ನನ್ನ ಮಾತಿಗೆ ಸಿಕ್ಕ ಹೂವು ಅವಳ ತುರುಬಿನಲ್ಲಿತ್ತು. ಮೊದಲು ಅವಳ ಗಂಡನಿಗಾಗಿ ಅವಳ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೆ, ಈಗ ನನ್ನ ಗಂಡನಿಗಾಗಿಯೂ ಪಡಬೇಕಾಯಿತು. ಹೇಳುವುದನ್ನು ನಿಲ್ಲಿಸಿಬಿಡೋಣ ಎಂದುಕೊಂಡೆ. ಆದರೆ ಸಂಜೆ ಬಸ್ಸಿಳಿದು ಅವರು ನನ್ನ ಮುಂದೆ ಬಂದು ನಿಲ್ಲುತ್ತಿದ್ದದ್ದು ಆ ಒಂದು ಪ್ರಶ್ನೆಗೇ. ನಿಲ್ಲಿಸಿದರೆ ಅದೂ ಇಲ್ಲ. ಹೇಳುತ್ತಲೇ ಹೋದೆ.

ಚಿಕ್ಕಬಳ್ಳಾಪುರ ಜಿಲ್ಲೆಯಾದ ಹೊಸದು. ಅಲ್ಲಿನ ಒಂದು ಕಾಲೇಜಿನಲ್ಲಿ ವಿಚಾರ ಸಂಕಿರಣ ಇಟ್ಟಿದ್ದರು. ನನ್ನ ಗಂಡನೂ ಪ್ರಬಂಧ ಓದಬೇಕಿತ್ತು. "ನೀನೂ ಬಾ, ಹಂಗೇ ಪೇಟೇಲಿ ಸೀರೆ ತಗೊಂಡು ಬರಣ," ಅಂದರು. ನಾನು ಹೋದದ್ದು ಸೀರೆಗಲ್ಲ. ಅಷ್ಟು ಜನರ ಮುಂದೆ ನನ್ನ ಮಾತುಗಳನ್ನು ಇವರ ಬಾಯಲ್ಲಿ ಕೇಳಬೇಕು ಎಂಬ ಆಸೆಗೆ.

ಕೊನೆಯ ಸಾಲಿನಲ್ಲಿ ಕೂತೆ. ಇವರು ಮೊದಲು ಸ್ಕಾಟ್ಲೆಂಡಿನವರನ್ನು ಕರೆದುಕೊಂಡು ಬಂದರು. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ, ಹಿಂದಿನ ಬೆಂಚಿನ ಹುಡುಗಿಯರು ಮೊಬೈಲ್ ನೋಡಿಕೊಳ್ಳುತ್ತಿದ್ದರು. ಆಮೇಲೆ ಇವರು ಗಂಟಲು ಸರಿಮಾಡಿಕೊಂಡು, "ಈಗ ನಮ್ಮ ಸೀಮೆಯ ಒಬ್ಬ ಸಾಮಾನ್ಯ ಹೆಣ್ಣುಮಗಳು ಆಡಿದ ಮಾತು ಕೇಳಿ," ಎಂದು ಕತ್ತಿನ ಮಾತನ್ನು ಓದಿದರು. ನಿಧಾನವಾಗಿ, ಒಂದೊಂದೇ ಪದ. ಚೆನ್ನಾಗಿ ಓದುತ್ತಾರೆ ನನ್ನ ಗಂಡ, ಅದನ್ನು ಒಪ್ಪಬೇಕು. ಹಾಲೆಲ್ಲಾ ನಿಶ್ಶಬ್ದವಾಯಿತು. ಹುಡುಗಿಯರು ಮೊಬೈಲ್ ಕೆಳಗಿಟ್ಟರು. ನನ್ನ ಮೈಯೆಲ್ಲಾ ಬಿಸಿಯಾಯಿತು, ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಕತ್ತು ಮುಚ್ಚಿಕೊಂಡೆ.

ಓದು ಮುಗಿದ ಮೇಲೆ ಮುಂದಿನ ಸಾಲಿನಿಂದ ಒಬ್ಬರು ಮೇಡಂ ಎದ್ದು ನಿಂತರು. "ಸರ್, ನಾನು ಇಷ್ಟು ವರ್ಷ ಪಾಠ ಮಾಡಿದೀನಿ, ಇಂಥ ಮಾತು ಕೇಳಿರಲಿಲ್ಲ. ಯಾರು ಸರ್ ಅವರು? ನಿಮ್ಮ ಶ್ರೀಮತಿಯವರಾ?"

ಹೂಂ ಅನ್ನಲಿ, ಸುಮ್ಮನೆ ತಮಾಷೆಗಾದರೂ ಹೂಂ ಅನ್ನಲಿ ಎಂದು ಕೈ ಕೈ ಹಿಸುಕಿಕೊಂಡೆ.

ಅವರು ನಕ್ಕರು. "ಅಯ್ಯೋ, ಇಲ್ಲ ಮೇಡಂ! ಅವರು ಬಿ.ಎ. ಓದಿದ್ದಾರೆ."

ಹಾಲಿಗೆ ಹಾಲೇ ಘೊಳ್ಳೆಂದು ನಕ್ಕಿತು. ಮೇಡಂ ಕೂಡ ನಕ್ಕರು. ಆಮೇಲೆ ಚಪ್ಪಾಳೆ. ಊಟದ ಹೊತ್ತಿಗೆ ಅದೇ ಮೇಡಂ ನನ್ನ ಪಕ್ಕ ಬಂದು, "ನಿಮ್ಮ ಮನೇಲಿ ಅಂಥ ಹೆಂಗಸು ಇದ್ದಾರಲ್ಲಮ್ಮ, ನೀವೂ ಅವರ ಹತ್ರ ಕೂತು ಕೇಳಿಸ್ಕೊಳ್ಳಿ," ಅಂದರು. ನನ್ನ ಎಲೆಯ ಮೇಲಿದ್ದ ಒಬ್ಬಟ್ಟನ್ನು ನಾನು ಮುಟ್ಟಲಿಲ್ಲ. ಸೀರೆಯನ್ನೂ ತೆಗೆದುಕೊಳ್ಳಲಿಲ್ಲ. "ಬಣ್ಣ ಇಷ್ಟ ಆಗಲಿಲ್ವಾ?" ಎಂದು ಬಸ್ಸಿನಲ್ಲಿ ಕೇಳಿದರು.

ಮಾರನೇ ದಿನ ಹುಳದ ಮನೆಯಲ್ಲಿ ನನಗೆ ತಡೆಯಲಾಗಲಿಲ್ಲ. ಸೊಪ್ಪು ಹಾಕುತ್ತಲೇ ಅಕ್ಕನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಪದ್ಯದ ಹೆಂಗಸರು, ನನ್ನ ಮಾತು, ಅವಳ ಹೆಸರು, ಚಿಕ್ಕಬಳ್ಳಾಪುರದ ಚಪ್ಪಾಳೆ, ಎಲ್ಲಾ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಬುಟ್ಟಿ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು.

"ಅಬ್ಬೋ! ಕತ್ತು ಮರೆತ್ರು ಅಂತ ನಾನು ಅಂದ್ನಾ? ನನ್ನ ಯಜಮಾನ್ರ ಮರ್ಯಾದೆ ಏನಾಗ್ಬೇಕಮ್ಮಾ? ಅವರು ಕತ್ತು ಮರೆಯೋ ಪೈಕಿ ಅಲ್ಲ, ತಿಳ್ಕೋ!" ಕೋಪದಲ್ಲೂ ಅವಳ ಮುಖದಲ್ಲಿ ಒಂದು ಜಂಬ ಬಂದು ಹೋಯಿತು. ಅದನ್ನು ನೋಡಿ ನನಗೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

"ನಿನ್ನ ಗಂಡನಿಗೆ ನಾನೇ ಹೇಳ್ತೀನಿ ಬಿಡು, ನಾನು ಅಂದಿಲ್ಲ ಅಂತ."

"ಬೇಡಕ್ಕ, ನಿನ್ನ ಕಾಲಿಗೆ ಬೀಳ್ತೀನಿ. ಭಾವನಿಗೆ ಗೊತ್ತಾದ್ರೆ ಮನೆ ಎರಡಾಗುತ್ತೆ."

ಅವಳು ದನಿ ಇಳಿಸಿದಳು. "ನಿಂಗೆ ಬೇಕಾದ್ದನ್ನ ನೀನು ಕೇಳಮ್ಮ. ಅವರೇನು ಹುಲಿನಾ, ತಿಂದ್ಹಾಕ್ತಾರಾ? ನನ್ನ ಬಾಯಿ ಯಾಕೆ ಎರವಲು ತಗೊಂಡೆ?" ಎಂದು ಬುಟ್ಟಿ ಎತ್ತಿಕೊಂಡು ಆಚೆ ಸಾಲಿಗೆ ಹೋದಳು. ಆ ದಿನದಿಂದ ನನ್ನೆದುರು ಅವಳು ತನ್ನ ಗಂಡನ ಮಾತನ್ನೇ ಎತ್ತಲಿಲ್ಲ.

ಅವಳು ಹೇಳಿದ್ದು ಸರಿಯೇ ಅನ್ನಿಸಿತು. ಅವಳಿಗೆ ಹಾಗೆ ಕೇಳಿ ಕೇಳಿಯೇ ಅಲ್ಲವೇ ಎಲ್ಲಾ ಸಿಕ್ಕಿದ್ದು? ಒಂದು ಭಾನುವಾರ ಮಧ್ಯಾಹ್ನ ಭಾವ, ಅಕ್ಕ, ಮಕ್ಕಳು ಅವಳ ತವರಿಗೆ ಹೋಗಿದ್ದರು. ಅತ್ತೆ ಪಕ್ಕದೂರಿನ ಸೀಮಂತಕ್ಕೆ ಹೋಗಿದ್ದರು. ಬೆಳೆ ಮುಗಿದು ಹುಳದ ಮನೆಯೂ ಖಾಲಿ. ನಾನು ತಲೆ ಬಾಚಿ, ಮದುವೆಯ ಮಾರನೇ ದಿನ ಉಟ್ಟಿದ್ದ ಹಸಿರು ಸೀರೆ ಉಟ್ಟು, ಕೋಣೆಗೆ ಹೋಗಿ ಅವರ ಮುಂದಿದ್ದ ನಿಘಂಟನ್ನು ಮುಚ್ಚಿದೆ.

"ರೀ," ಅಂದೆ. "ನನಗೆ ನೀವು ಬೇಕು. ಮನೇಲಿ ಎಲ್ಲಾ ಇದೆ, ನೀವೊಬ್ಬರಿಲ್ಲ. ನನ್ನನ್ನ ಒಂದ್ಸಲ ಮುಟ್ಟಿ."

ಅವರು ತಲೆ ಎತ್ತಿದರು. ನನ್ನನ್ನು ನೋಡಿದರು. ಕಣ್ಣು ಹೊಳೆಯಿತು. ದೇವರೇ, ಹೊಳೆಯಿತು! ನಾನು ಮಂಚದ ತುದಿಯಲ್ಲಿ ಕೂತೆ. ಅವರ ಕೈ ಮುಂದೆ ಬಂತು, ನನ್ನನ್ನು ದಾಟಿ ಹೋಗಿ ಪೆನ್ನು ತೆಗೆದುಕೊಂಡಿತು.

"ಮನೇಲಿ ಎಲ್ಲಾ ಇದೆ, ನೀವೊಬ್ಬರಿಲ್ಲ," ಎಂದು ಮೆಲ್ಲಗೆ ಹೇಳಿಕೊಂಡರು. "ಆಹಾ. ಇದನ್ನ ಅತ್ತಿಗೆ ಯಾವಾಗ ಅಂದ್ರು?"

ನನಗೆ ಏನಾಯಿತೋ ಗೊತ್ತಿಲ್ಲ. ಪೆನ್ನು ಕಿತ್ತು ಗೋಡೆಗೆ ಎಸೆದೆ.

"ಅತ್ತಿಗೆ ಅನ್ನಲಿಲ್ಲ! ನಾನಂದೆ! ಕತ್ತಿಂದೂ ನಾನೇ ಅಂದಿದ್ದು, ಜ್ವರದ್ದೂ ನಾನೇ ಅಂದಿದ್ದು. ಅದೊಂದು ಬಾಯಿಬಿಡದ ಗಂಡನ ಮಾತು ಬಿಟ್ರೆ ಅಕ್ಕ ಏನೂ ಅಂದಿಲ್ಲ, ಎಲ್ಲಾ ನಂದೇ!"

ಅವರು ಬೆಪ್ಪಾಗಿ ನೋಡಿದರು. ಆಮೇಲೆ ಮಕ್ಕಳಿಗೆ ತಿಳಿಹೇಳುವವರ ಹಾಗೆ, "ಏ, ಸುಮ್ನಿರು. ಅಂಥ ಮಾತು ನಿಂಗೆಲ್ಲಿ ಬರುತ್ತೆ? ಅದು ಅನುಭವದಿಂದ ಬರೋ ಮಾತು," ಅಂದರು.

"ಅನುಭವಾನಾ? ಬೆಳಿಗ್ಗೆ ಅಕ್ಕನ ತಲೆ ನೋಡಿದೀರಾ? ನನ್ನ ತಲೆ ನೋಡಿದೀರಾ? ಯಾರ ಕತ್ತನ್ನ ಯಾರು ಮರೆತಿದಾರೆ ಅಂತ ಸೊಪ್ಪು ಕುಯ್ಯೋ ಆಳನ್ನ ಕೇಳಿ, ಹೇಳ್ತಾನೆ!"

ಅವರ ಮುಖ ಕಪ್ಪಿಟ್ಟಿತು. "ಛೀ! ಓದಿದೋಳು ಆಡೋ ಮಾತಾ ಇದು?"

"ನಿಮ್ಮ ಪದ್ಯದ ಹೆಂಗಸ್ರು ಆಡಿದ್ರೆ ಸಂಜೆಯೆಲ್ಲಾ ಕೂತು ಓದ್ತೀರಲ್ಲ?"

"ಅದು ಸಾಹಿತ್ಯ."

"ನಂದು?"

"ನಿಂದು ಹೊಟ್ಟೆಕಿಚ್ಚು," ಅಂದರು. "ಅತ್ತಿಗೆ ಮಾತನ್ನ ಹತ್ತು ಜನ ಮೆಚ್ಚಿದ್ರು ಅಂತ ಅದನ್ನೂ ನಂದು ಅಂತ ಹೇಳೋಕೆ ಬಂದಿದೀಯಲ್ಲ. ಅದಕ್ಕೂ ಒಂದು ಮಿತಿ ಇರಬೇಕು ಕಣೇ."

ಇಲ್ಲ ಎಂದು ಹೇಗೆ ಹೇಳಲಿ? ಹೊಟ್ಟೆಕಿಚ್ಚು ಇದ್ದದ್ದು ನಿಜ, ಉರಿದು ಉರಿದು ನಾನು ಸೊರಗಿದ್ದೂ ನಿಜ. ಅದು ನನ್ನ ಮುಖದಲ್ಲೇ ಕಾಣುತ್ತಿತ್ತು. ಸುಳ್ಳು ಹೇಳಿದಾಗಲೆಲ್ಲ ನಂಬಿದ ಮನುಷ್ಯನಿಗೆ ನಾನು ನಿಜ ಹೇಳಿದ ದಿನ ನಂಬಿಕೆ ಬರಲಿಲ್ಲ. ಹಸಿರು ಸೀರೆ ಬಿಚ್ಚಿ ಮಡಿಸಿಟ್ಟು, ದಿನಾ ಉಡುವುದನ್ನು ಉಟ್ಟುಕೊಂಡು ಹಸುಗಳಿಗೆ ನೀರು ಕುಡಿಸಲು ಹೋದೆ. ಅವರು ಗೋಡೆಯ ಹತ್ತಿರ ಬಿದ್ದಿದ್ದ ಪೆನ್ನನ್ನು ತೆಗೆದುಕೊಂಡು, ಬರೆಯುತ್ತದೋ ಇಲ್ಲವೋ ಎಂದು ಗೀಚಿ ನೋಡುತ್ತಿದ್ದರು.

ಎಂ.ಫಿಲ್. ಬಂತು. ಕಾಲೇಜಿನಲ್ಲಿ ಶಾಲು ಹೊದಿಸಿದರು. ಆಗ ನಾನು ಅಕ್ಕ ಹೀಗಂದಳು ಅನ್ನುವುದನ್ನು ಬಿಟ್ಟೇಬಿಟ್ಟಿದ್ದೆ. ಕೆಲಸ ಮುಗಿದಿದ್ದರಿಂದ ಅವರೂ ಕೇಳುತ್ತಿರಲಿಲ್ಲ. ಹಾಗೇ ಒಂದು ಮಳೆಗಾಲ ಕಳೆಯಿತು. ಒಂದು ಸಂಜೆ ಬೇಗ ಊಟಕ್ಕೆ ಕೂತಾಗ, ಮುಂದೆ ಪಿಎಚ್.ಡಿ. ಮಾಡಬೇಕೆಂದಿದ್ದೇನೆ ಅಂದರು. ಮುದ್ದೆ ಮುರಿಯುತ್ತಾ ಕೇಳಿದರು:

"ಈಚೆಗೆ ಅತ್ತಿಗೆ ಏನಾದ್ರೂ ಅಂದ್ರಾ?"

"ಇಲ್ಲ," ಅಂದೆ. "ಅಕ್ಕ ಈಗ ಏನೂ ಅನ್ನಲ್ಲ."

"ಯಾಕೆ?"

"ಆಸೆಗೀಸೆ ಎಲ್ಲಾ ಹೋಯ್ತಂತೆ. ಕಾದು ಕಾದು ಸಾಕಾಯ್ತಂತೆ. ಇನ್ನು ಬೇಕು ಅಂತ ಬಾಯಿ ಬಿಡಲ್ಲ ಅಂದಳು."

ಮುದ್ದೆಯ ಮೇಲಿದ್ದ ಅವರ ಕೈ ನಿಂತಿತು. ಮುಖ ಸಪ್ಪಗಾಯಿತು. ನಾನು ನೋಡುತ್ತಲೇ ಇದ್ದೆ, ಅವರ ಕಣ್ಣಿನಲ್ಲಿ ನಿಜವಾಗಿಯೂ ನೀರು ಆಡಿತು. ಅದನ್ನು ನೋಡಿ ನನ್ನ ಒಡಲು ಮತ್ತೆ ಭಗ್ಗೆಂದಿತು, ಆ ಕಣ್ಣೀರೂ ಅವಳ ಪಾಲಿಗೇ ಹೋಗುತ್ತಿದೆಯಲ್ಲ ಎಂದು.

"ಪಾಪ," ಅಂದರು. "ಅಣ್ಣನ್ನ ಕೂರಿಸ್ಕೊಂಡು ಒಂದು ಮಾತು ಹೇಳ್ಬೇಕು ಕಣೇ. ಅಂಥ ಹೆಂಗಸು ಮಗ್ಗುಲಲ್ಲೇ ಇದ್ರೂ ಅವನಿಗೆ ಗೊತ್ತಾಗಲ್ಲ ಅಂದ್ರೆ, ಎಂಥಾ ಗಂಡಸು ಅವನು?"

ನಾನು ಅವರ ತಟ್ಟೆಗೆ ಸಾರು ಬಡಿಸಿದೆ.